ದಮಯಂತಿ ಅಕ್ಕೋರು ಮೂಡಣ ಸಮುದ್ರ ನೋಡಲು ಹೋದದ್ದು

ಕಾರವಾರದ ಕೋಡಿಬಾಗದಲ್ಲಿ ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದ ದಮಯಂತಿಗೆ ಆಸೆ ಅಂತ ಉಳಿದದ್ದು ಒಂದೇ ಒಂದು. ಸಮುದ್ರದ ನೀರಿನಿಂದ ಸೂರ್ಯ ಮೇಲೆದ್ದು ಬರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅವಳು ಬಂಗಾರ ಕೇಳಲಿಲ್ಲ, ಕಾಶಿಗೆ ಕರೆದುಕೊಂಡು ಹೋಗಿ ಎನ್ನಲಿಲ್ಲ, ಹೊಸ ಅಡುಗೆಮನೆ ಕಟ್ಟಿಸಿಕೊಡಿ ಎಂದು ರಚ್ಚೆ ಹಿಡಿಯಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಗಂಡನೊಬ್ಬ ಅಷ್ಟೂ ವರ್ಷ ತೆಗೆದುಕೊಂಡ ಎಂದರೆ ಕೇಳಿದವರಿಗೇ ಸಿಟ್ಟು ಬರಬೇಕು. ಅವಳಿಗೆ ಬಾರದೆ ಇರುತ್ತದೆಯೇ?

ಆಸೆ ಹುಟ್ಟಿದ್ದು ಅಂಗನವಾಡಿಯ ಗೋಡೆಯ ಮೇಲೆ. ಅಲ್ಲೊಂದು ಚಾರ್ಟು ತೂಗುಹಾಕಿತ್ತು. ಎರಡು ನೀಲಿ ಅಲೆಗಳ ನಡುವೆ ಹಳದಿ ಸೂರ್ಯ, ಕೆಳಗೆ ‘ಬೆಳಗು’ ಎಂಬ ಅಕ್ಷರ. ಕೋಡಿಬಾಗದ ಮಕ್ಕಳು ಹುಟ್ಟಿದಾಗಿನಿಂದ ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ಕಂಡವರೇ ಹೊರತು ಏಳುವುದನ್ನು ಕಂಡವರಲ್ಲ. ಪ್ರತಿವರ್ಷ ಯಾವುದಾದರೂ ಒಂದು ಮಗು ಎದ್ದು ನಿಂತು, “ಅಕ್ಕೋರೆ, ಇದು ಸುಳ್ಳು. ಸೂರ್ಯ ಏಳೂದು ಗುಡ್ಡದ ಬದಿಂದ” ಎನ್ನುತ್ತಿತ್ತು. ದಮಯಂತಿ, “ಬೇರೆ ಕಡೆ ಸಮುದ್ರದಿಂದ್ಲೂ ಏಳ್ತದೆ ಮಗಾ” ಎಂದು ಹೇಳಿ ಕೂರಿಸುತ್ತಿದ್ದಳು. ಹೇಳುವಾಗ ಪ್ರತಿಸಲವೂ ಒಳಗೆ ಚುಚ್ಚುತ್ತಿತ್ತು. ತಾನೇ ನೋಡದ್ದನ್ನು ಮಕ್ಕಳಿಗೆ ನಂಬಿಸುವುದು ಅವಳಿಗೆ ಸರಿಕಾಣುತ್ತಿರಲಿಲ್ಲ. ಅವಳ ತವರು ತೋಡೂರಿನಲ್ಲೂ ಅಷ್ಟೆ, ಗಂಡನ ಮನೆಯಲ್ಲೂ ಅಷ್ಟೆ, ಸೂರ್ಯ ಸಮುದ್ರಕ್ಕಿಳಿದನೆಂದರೆ ದೀಪ ಹಚ್ಚು, ಅಕ್ಕಿ ತೊಳಿ, ಮೀನು ಸಾರಿಗೆ ಕಾಯಿ ಅರೆ. ಮುಳುಗುವ ಸೂರ್ಯ ಅವಳಿಗೆ ಎಂದೂ ಚಂದ ಕಾಣಲಿಲ್ಲ. ಪಾತ್ರೆ ತಿಕ್ಕುತ್ತ ಬೆನ್ನು ತಿರುಗಿಸಿ ನಿಂತವಳಿಗೆ ಅದು ಕೆಲಸದ ಗಂಟೆಯಾಗಿತ್ತು, ಅಷ್ಟೆ.

ಗಂಡ ಶಾಂತಾರಾಮ ಸರಕಾರಿ ಬಸ್ಸಿನ ಡ್ರೈವರನಾಗಿದ್ದವನು. ಕಾರವಾರ-ಹುಬ್ಬಳ್ಳಿ ಅವನ ರೂಟು. ಮಧ್ಯಾಹ್ನ ಎರಡೂವರೆಗೆ ಕಾರವಾರ ಬಿಟ್ಟರೆ ಅಂಕೋಲೆ, ಸುಂಕಸಾಳ, ಯಲ್ಲಾಪುರ ದಾಟಿ ಹುಬ್ಬಳ್ಳಿ. ರಾತ್ರಿ ಅಲ್ಲೇ ಹಾಲ್ಟು. ಬೆಳಗ್ಗೆ ಐದೂಕಾಲಿಗೆ ಹೊರಟು ಅದೇ ದಾರಿಯಲ್ಲಿ ವಾಪಸ್ಸು. ಮೂವತ್ತೊಂದು ವರ್ಷದಲ್ಲಿ ಒಂದು ಅಪಘಾತವಿಲ್ಲ, ಒಂದು ಕೋಳಿಮರಿ ಸಾಯಲಿಲ್ಲ. ಒಪ್ಪೋಣ. ಆದರೆ ಕುಟುಂಬಕ್ಕೆಂದು ಸಿಗುತ್ತಿದ್ದ ಪಾಸು ಪ್ರತಿವರ್ಷ ಕಪಾಟಿನಲ್ಲೇ ಹಳತಾಯಿತು. ಯಾಕೆಂದರೆ ಈ ಮಹಾರಾಯನಿಗೆ ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೆ ವಾಂತಿ. ಕುಮಟೆ ದಾಟುವಷ್ಟರಲ್ಲಿ ಎರಡು ಪ್ಲಾಸ್ಟಿಕ್ ಚೀಲ ಬೇಕಾಗುತ್ತಿತ್ತು. ಹೆಂಡತಿ ಒಬ್ಬಳೇ ಹೋಗಲಿ ಎಂದರೆ ಅದಕ್ಕೂ ಒಪ್ಪುವವನಲ್ಲ. “ನಾ ನಿವೃತ್ತಿ ಆಗ್ಲಿ, ನಾನೇ ಕರ್ಕೊಂಡು ಹೋಗ್ತೆ” ಎಂಬುದೊಂದೇ ಮಾತು.

ನಿವೃತ್ತಿಯೂ ಆಯಿತು. ಎರಡು ವರ್ಷ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತದ್ದೂ ಆಯಿತು. ಕೊನೆಗೆ ದಮಯಂತಿ ಮಾತು ಬಿಟ್ಟಳು. ಹನ್ನೊಂದು ದಿನ ಮಾತಿಲ್ಲ. ಹನ್ನೆರಡನೆಯ ದಿನ ಶಾಂತಾರಾಮ ಅಂಕೋಲೆಗೆ ಹೋಗಿ, ಮೀನು ವ್ಯಾಪಾರಿ ಪುಂಡಲೀಕನಿಂದ ಅವನ ಹಳೆ ಓಮ್ನಿ ಕೊಂಡುಕೊಂಡು ಬಂದ. ಹತ್ತು ವರ್ಷ ಮೀನು ಹೊತ್ತ ಗಾಡಿ. ಸಾಬೂನು, ಫಿನಾಯಿಲು, ನಿಂಬೆಹುಳಿ ಯಾವುದಕ್ಕೂ ಅದರ ವಾಸನೆ ಜಗ್ಗಲಿಲ್ಲ. ಮೂರನೆಯ ದಿನ ಆ ವಾಸನೆ ಹಿಡಿದು ಕಾಳಿ ನದಿ ದಂಡೆಯ ಒಂದು ಕಂದು ನಾಯಿ ಬಂತು, ಗಾಡಿಯೊಳಗೆ ಹತ್ತಿ ಮಲಗಿತು, ಇಳಿಯಲಿಲ್ಲ. ಶಾಂತಾರಾಮ ಅದಕ್ಕೆ ಬಾಂಗ್ಡೆ ಎಂದು ಮೀನಿನ ಹೆಸರಿಟ್ಟ. ಹೆಂಡತಿಗೆ ಮೂವತ್ತು ವರ್ಷದಲ್ಲಿ ಒಂದು ಮುದ್ದಿನ ಹೆಸರಿಡದವನು ಬೀದಿನಾಯಿಗೆ ಒಂದೇ ದಿನದಲ್ಲಿ ಇಟ್ಟ!

ಹೊರಡುವುದಕ್ಕೂ ಒಂದು ಗಡುವಿತ್ತು. ಮಗಳು ದೀಪಾಲಿ ಅಂಕೋಲೆಯಲ್ಲಿ ತುಂಬು ಗರ್ಭಿಣಿ. ಬೀಗಿತ್ತಿಗೆ ಇಪ್ಪತ್ತೊಂದನೇ ತಾರೀಖಿಗೆ ಕಣ್ಣಿನ ಆಪರೇಶನ್. ಇಪ್ಪತ್ತರ ಸಂಜೆಯೊಳಗೆ ದಮಯಂತಿ ಅಂಕೋಲೆಯ ಮನೆಯಲ್ಲಿ ಇರಬೇಕು. ಆಮೇಲೆ ಹೆರಿಗೆ, ಬಾಣಂತನ, ಮೊಮ್ಮಗುವಿನ ಎಣ್ಣೆನೀರು. ಇನ್ನೆರಡು ವರ್ಷ ಅವಳು ಅಲುಗಾಡುವಂತಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಅಳಿಯ ಗುರುಪ್ರಸಾದ ನಕಾಶೆ ನೋಡಿ ದಾರಿ ಬರೆದುಕೊಟ್ಟ. ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ, ಗುತ್ತಿ, ಕಡಪ, ನೆಲ್ಲೂರು, ಅಲ್ಲಿಂದ ಮೈಪಾಡು ಎಂಬ ಕಡಲತೀರ. ಹತ್ತನೇ ತಾರೀಖು ಹೊರಟರೆ ಹದಿನಾಲ್ಕರ ಸಂಜೆ ಮುಟ್ಟಬಹುದು, ಹದಿನೈದರ ಬೆಳಗ್ಗೆ ಸೂರ್ಯೋದಯ, ಹತ್ತೊಂಬತ್ತಕ್ಕೆ ವಾಪಸ್ಸು. ಒಂದು ದಿನ ಮಿಗತಿ.

“ನಾಯಿ ಯಾರ ಹತ್ರ ಬಿಡೂದು?” ಎಂದು ದಮಯಂತಿ ಕೇಳಿದಳು.

“ಅದು ಗಾಡಿ ಬಿಟ್ಟು ಇಳಿಯೂದಿಲ್ಲ. ಗಾಡಿ ಅದ್ರದ್ದು” ಎಂದ ಶಾಂತಾರಾಮ. ತಮಾಷೆಯಲ್ಲ, ಅವನು ಹಾಗೆಯೇ ನಂಬಿದ್ದ.

ಹೊರಡುವ ಬೆಳಗ್ಗೆ ದಮಯಂತಿ ತೆಂಗಿನಕಾಯಿ ಒಡೆದು ಗಾಡಿ ಹತ್ತಿದಳು. ಗಾಡಿ ಹೊರಡಲಿಲ್ಲ. ಇಂಜಿನ್ ಗುರುಗುಟ್ಟುತ್ತಿದೆ, ಶಾಂತಾರಾಮ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಮುಂದೆ ನೋಡುತ್ತ ಕೂತಿದ್ದಾನೆ.

“ಎಂತಾಯ್ತು?”

“ರೈಟ್ ಹೇಳಬೇಕು.”

“ಯಾರು?”

“ನೀನೇ. ಕಂಡಕ್ಟರು ಎಲ್ಲಿದ್ದಾನೆ ಇಲ್ಲಿ? ಹೇಳ್ದೆ ನನ್ನ ಕಾಲು ಕ್ಲಚ್ ಬಿಡೂದಿಲ್ಲ ಮಾರಾಯ್ತಿ.”

ಮೂವತ್ತೊಂದು ವರ್ಷ ಕಂಡಕ್ಟರನ ಎರಡು ಸೀಟಿ, ‘ರೈಟ್’ ಕೇಳಿಯೇ ಗಾಡಿ ಬಿಟ್ಟವನ ಕಾಲು ಅದು. ಅವಳು ರೈಟ್ ಅಂದಳು. ಅಂದಿನಿಂದ ಆ ಪ್ರವಾಸ ಮುಗಿಯುವವರೆಗೆ ಅವಳು ಎಷ್ಟು ಸಲ ರೈಟ್ ಅಂದಳು ಎಂಬುದನ್ನು ದೇವರೇ ಬಲ್ಲ. ಸಿಗ್ನಲ್ಲಿನಲ್ಲಿ ರೈಟ್, ಚಹಾ ಕುಡಿದ ಮೇಲೆ ರೈಟ್, ಎಮ್ಮೆ ದಾಟಿದ ಮೇಲೆ ರೈಟ್. ನಾಲ್ಕನೆಯ ದಿನಕ್ಕೆ ಅವಳ ಗಂಟಲು ಕಟ್ಟಿ ಹೋಗಿತ್ತು.

ಅಂಕೋಲೆಯಲ್ಲಿ ಮಗಳ ಮನೆಯೆದುರು ನಿಲ್ಲಿಸಿ ಶಾಂತಾರಾಮ ಕೈಗಡಿಯಾರ ನೋಡಿಕೊಂಡ. “ಅಂಕೋಲೆ ಮೂರು ನಿಮಿಷ” ಎಂದ. ಬಸ್ಸಿನ ಕಾಲದಲ್ಲಿ ಅಂಕೋಲೆ ನಿಲ್ದಾಣಕ್ಕೆ ಅವನು ಕೊಡುತ್ತಿದ್ದದ್ದು ಅಷ್ಟೇ. ದೀಪಾಲಿ ಹೊಟ್ಟೆ ಹಿಡಿದುಕೊಂಡು ಗೇಟಿನವರೆಗೆ ಬರುವಷ್ಟರಲ್ಲಿ ಎರಡು ನಿಮಿಷ ಕಳೆದಿತ್ತು. ಅವಳು ಕೊಟ್ಟ ಉಂಡೆಯ ಡಬ್ಬ ಕಿಟಕಿಯಿಂದಲೇ ಒಳಗೆ ಬಂತು. ಸುಂಕಸಾಳದ ಚಹಾ ಹೊಟೇಲಿಗೆ ಮಾತ್ರ ಹತ್ತು ನಿಮಿಷ. ದುಡ್ಡಿನ ಗಲ್ಲೆಯಲ್ಲಿ ಕೂತಿದ್ದ ಹಳೆ ಪರಿಚಯದ ಉಮೇಶನ ಜೊತೆ ನಗೆಚಾಟಿಕೆ, ಬನ್ಸು, ಮತ್ತೊಂದು ಚಹಾ. ಹೆತ್ತ ಮಗಳಿಗೆ ಮೂರು ನಿಮಿಷ, ಬನ್ಸಿಗೆ ಹತ್ತು! ದಮಯಂತಿ ಹಲ್ಲು ಕಡಿದಳು. ಇಪ್ಪತ್ತರ ಸಂಜೆ ಲೆಕ್ಕ ಕೇಳೋಣ ಎಂದು ಸುಮ್ಮನಾದಳು.

ನಾಯಿಯ ಅವತಾರ ಶುರುವಾದದ್ದು ಅಲ್ಲಿಂದಲೇ. ಬಾಂಗ್ಡೆ ಹುಟ್ಟಿದ್ದು, ಬೆಳೆದದ್ದು, ಓಡಾಡಿದ್ದು ಮರಳಿನ ಮೇಲೆ. ಅದು ಮರಳು ಬಿಟ್ಟು ಬೇರೆಲ್ಲೂ ಉಚ್ಚೆ ಹೊಯ್ಯುವುದಿಲ್ಲ ಎಂಬ ಸಂಗತಿ ಇವರಿಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಪ್ರಸಂಗವೇ ಬಂದಿರಲಿಲ್ಲ. ಸುಂಕಸಾಳದ ಕೆಂಪು ಮಣ್ಣನ್ನು ಅದು ಮೂಸಿ ನೋಡಿತು, ಗಾಡಿ ಹತ್ತಿತು. ಯಲ್ಲಾಪುರದ ಹುಲ್ಲು ಮೂಸಿತು, ಹತ್ತಿತು. ಕಲಘಟಗಿ ದಾಟುವಾಗ ಕುಂಯ್ಯೋ ಎನ್ನತೊಡಗಿತು. ಹುಬ್ಬಳ್ಳಿಯಲ್ಲಿ ಲಾಡ್ಜಿನ ಪಕ್ಕ ಯಾರೋ ಮನೆ ಕಟ್ಟಿಸುತ್ತಿದ್ದರು. ದಮಯಂತಿಗೆ ಆಗ ಹೊಳೆಯಿತು. ರಾಶಿ ಹಾಕಿದ್ದ ಮರಳಿನ ಹತ್ತಿರ ಒಯ್ದಳು. ನಾಯಿ ಮೂಸಿತು, ಕಾಲೆತ್ತಿತು, ಮತ್ತೆ ಮೂಸಿತು, ಕಾಲಿಳಿಸಿತು. ಅದು ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡು. ಹೊಳೆಯ ಮರಳಲ್ಲ.

“ಇಂಜಿನಿಯರಿಗೆ ಗೊತ್ತಾಗೂದಿಲ್ಲ, ನಮ್ಮ ನಾಯಿಗೆ ಗೊತ್ತಾಯ್ತು ನೋಡು!” ಎಂದು ಶಾಂತಾರಾಮ ಹೆಮ್ಮೆಯಿಂದ ಹೇಳಿದ. ದಮಯಂತಿಗೆ ಆ ರಾಶಿಯ ಮೇಲೆ ಅವನನ್ನೇ ಕೆಡವಬೇಕೆನಿಸಿತು. ಆಮೇಲೆ ಎರಡು ಬೀದಿ ಸುತ್ತಿ, ಗಣಪತಿ ಗುಡಿಯೊಂದರ ಹಿಂದೆ ನಿಜವಾದ ಮರಳು ಸಿಕ್ಕಿ, ಬಾಂಗ್ಡೆ ನಿಂತೇ ನಿಂತಿತು, ಮುಗಿಯುವಂತೆಯೇ ಕಾಣಲಿಲ್ಲ.

ಆ ಮೇಲಿನ ಪ್ರವಾಸವೆಲ್ಲ ಮರಳು ಹುಡುಕುವ ಪ್ರವಾಸ. ಎಲ್ಲರೂ ಹೊಸಪೇಟೆಯ ಕಡೆ ಕಲ್ಲಿನ ಗುಡಿ ನೋಡಲು ಹೋಗುತ್ತಾರೆ. ದಮಯಂತಿ ನೋಡಿದ್ದು ಕಟ್ಟುತ್ತಿರುವ ಮನೆಗಳನ್ನು. ಕೊಪ್ಪಳದ ಹತ್ತಿರ ಒಬ್ಬ ಮನೆಯೊಡೆಯ ಕೋಲು ಹಿಡಿದು ಬಂದ. ಇವಳು ಅಕ್ಕೋರ ದನಿಯಲ್ಲಿ, “ಕೂತ್ಕೊಳ್ಳಿ ಅಲ್ಲಿ, ಒಂದು ನಿಮಿಷ” ಎಂದಳು. ಅವನು ಪಾಪ, ನಿಜಕ್ಕೂ ಇಟ್ಟಿಗೆಯ ಮೇಲೆ ಕೂತ. ಗುತ್ತಿಯಲ್ಲಿ ಎಲ್ಲೂ ಮರಳು ಸಿಗದೆ, ಪೆಟ್ರೋಲ್ ಬಂಕಿನಲ್ಲಿ ಬೆಂಕಿ ಆರಿಸಲು ಸಾಲಾಗಿ ತೂಗುಹಾಕಿದ್ದ ಕೆಂಪು ಬಕೆಟ್ಟುಗಳಲ್ಲಿ ಒಂದನ್ನು ಕೈಸನ್ನೆಯಿಂದ ಬೇಡಿ ಇಳಿಸಿಕೊಂಡು, ನೆಲಕ್ಕೆ ಸುರಿದು, ನಾಯಿಯ ಕೆಲಸ ಮುಗಿಸಿ, ಅಷ್ಟನ್ನೂ ಬಳಿದು ಮತ್ತೆ ತುಂಬಿಸಿ ಕೊಟ್ಟಳು. ಬಂಕಿನವರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಇತ್ತ ಶಾಂತಾರಾಮನದು ಬೇರೆಯೇ ರಾಗ. ನಲವತ್ತರ ಮೇಲೆ ವೇಗ ಏರಿಸುವುದಿಲ್ಲ. ಪ್ರತಿ ಊರಲ್ಲೂ ಗಾಡಿ ತಾನಾಗಿ ಬಸ್ ನಿಲ್ದಾಣದೊಳಗೆ ಹೋಗುತ್ತದೆ. ಗುರುಪ್ರಸಾದ ಫೋನಿನಲ್ಲಿ ಹಾಕಿಕೊಟ್ಟ ದಾರಿ ಹೇಳುವ ಹೆಣ್ಣುದನಿಯನ್ನು ನಂಬುವುದಿಲ್ಲ, ನಿಲ್ದಾಣದಲ್ಲಿ ಬಸ್ ಡ್ರೈವರರನ್ನೇ ಕೇಳಬೇಕು. ಹೊಸಪೇಟೆಯ ನಿಲ್ದಾಣದಲ್ಲಿ ಅವನು ಹೀಗೆ ಕೇಳಲು ಇಳಿದಾಗ ಒಬ್ಬ ಅಜ್ಜಿ ಕೋಳಿಬುಟ್ಟಿ ಸಮೇತ ಹಿಂದಿನ ಸೀಟಿಗೆ ಹತ್ತಿ ಕೂತಳು. ನಾಯಿಗೂ ಕೋಳಿಗೂ ನಡುವೆ ಕೂತು ದಮಯಂತಿ ಅನುಭವಿಸಿದ್ದನ್ನು ಹೇಳದಿರುವುದೇ ಒಳ್ಳೆಯದು. ಎಲ್ಲದಕ್ಕಿಂತ ಹೆಚ್ಚಾಗಿ ಅವನು ಬೆಳಗಿನ ಬಿಸಿಲಿಗೆ ಗೊಣಗುತ್ತಿದ್ದ. ಮೂಡಣಕ್ಕೆ ಹೋಗುವವರಿಗೆ ಬೆಳಗಿನ ಸೂರ್ಯ ಎದುರಿಗೇ ತಾನೆ?

“ಕಣ್ಣಿಗೆ ಹೊಡಿತದೆ ಮಾರಾಯ್ತಿ. ನನ್ನ ಸರ್ವಿಸ್ಸಲ್ಲಿ ಹಿಂಗೆ ಒಂದು ದಿವ್ಸ ಆಗ್ಲಿಲ್ಲ.”

ಅದು ನಿಜ. ಮಧ್ಯಾಹ್ನ ಕಾರವಾರ ಬಿಟ್ಟು ಮೂಡಣಕ್ಕೆ ಹೋಗುವಾಗ ಸೂರ್ಯ ಬೆನ್ನ ಹಿಂದೆ. ಬೆಳಗ್ಗೆ ಹುಬ್ಬಳ್ಳಿಯಿಂದ ಪಡುವಣಕ್ಕೆ ಬರುವಾಗಲೂ ಬೆನ್ನ ಹಿಂದೆ. ಮೂವತ್ತೊಂದು ವರ್ಷ ಅವನು ಸೂರ್ಯನಿಗೆ ಬೆನ್ನು ಹಾಕಿಯೇ ಸಂಬಳ ತೆಗೆದುಕೊಂಡವನು. ಈ ಮಾತು ಕೇಳಿ ದಮಯಂತಿ ನಕ್ಕುಬಿಟ್ಟಳು. ನಗಬಾರದಿತ್ತು ಎಂದು ಕಡಪ ಬಿಟ್ಟ ಮೇಲೆ ಅವಳಿಗೆ ಗೊತ್ತಾಯಿತು.

ಹದಿಮೂರನೇ ತಾರೀಖಿನ ರಾತ್ರಿ ಕಡಪದಲ್ಲಿ ಹಾಲ್ಟು. ಬಾಂಗ್ಡೆ ಮರಳಿಲ್ಲದೆ ರಾತ್ರಿಯಿಡೀ ಕುಂಯ್ಗುಟ್ಟಿ ಅವಳ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಐದು ಗಂಟೆಗೆ ಲಾಡ್ಜಿನ ಹಿಂದೆ ಕಟ್ಟಡದವರು ಬಿಟ್ಟುಹೋದ ಒಂದಿಷ್ಟು ಮರಳು ಕಂಡು ಅದರ ಕೆಲಸವೂ ಆಯಿತು. ಅವಳು ಗಾಡಿಯ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದಳು. ಮಲಗಿದ್ದಷ್ಟೇ ನೆನಪು. ಇನ್ನೊಂದೇ ದಿನದ ದಾರಿ, ಸಂಜೆಗೆ ಸಮುದ್ರ, ನಾಳೆ ಬೆಳಗ್ಗೆ ಸೂರ್ಯ ಎಂದುಕೊಂಡು ನಿದ್ದೆ ಹೋದಳು.

ಎಚ್ಚರವಾದಾಗ ಎಂಟು ಗಂಟೆ ದಾಟಿತ್ತು. ಗಾಡಿ ನಲವತ್ತರಲ್ಲಿ ಸುಖವಾಗಿ ಓಡುತ್ತಿತ್ತು. ಶಾಂತಾರಾಮ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಮುಖದ ಮೇಲೆ ಚುರುಚುರು ಬಿಸಿಲು. ಯಾವ ಕಡೆಯ ಬಿಸಿಲು ಎಂದು ಅವಳು ತಲೆಯೆತ್ತಿ ನೋಡಿದಳು. ಹಿಂದಿನ ಗಾಜಿನಲ್ಲಿ ಸೂರ್ಯ ಧಗಧಗ ಉರಿಯುತ್ತಿದ್ದ.

ಅವಳು ಎದ್ದು ಕೂತಳು. ಸೂರ್ಯ ಹಿಂದಿದ್ದಾನೆ ಎಂದರೆ ಗಾಡಿ ಕಾರವಾರದ ಕಡೆಗೆ ಹೋಗುತ್ತಿದೆ.

“ಅಹೋ! ನಿಲ್ಸಿ! ನಿಲ್ಸಿ ಮೊದ್ಲು!”

ಗಾಡಿ ನಿಂತಿತು. ರಸ್ತೆಯ ಬದಿಯ ಕಲ್ಲಿನ ಮೇಲೆ ಏನು ಬರೆದಿದೆಯೋ ತೆಲುಗು ಬಾರದ ಇವರಿಗೆ ತಿಳಿಯಲಿಲ್ಲ. ಆದರೆ ಎದುರಿಗಿದ್ದ ಕಬ್ಬಿನ ಹಾಲಿನ ಗಾಡಿ, ಮುರಿದ ತೇರಿನಂಥ ಜಾಹೀರಾತು ಫಲಕ, ಪಕ್ಕದ ಒಣಗಿದ ಕೆರೆ, ಎಲ್ಲವೂ ನಿನ್ನೆ ಕಂಡವೇ. ತಾಡಿಪತ್ರಿಯ ಹತ್ತಿರ ಬಂದುಬಿಟ್ಟಿದ್ದರು. ನೂರಕ್ಕೂ ಹೆಚ್ಚು ಕಿಲೋಮೀಟರು ಹಿಂದಕ್ಕೆ.

ಶಾಂತಾರಾಮ ಕನ್ನಡಿಯಲ್ಲಿ ಸೂರ್ಯನನ್ನು ನೋಡಿದ, ರಸ್ತೆ ನೋಡಿದ, ತನ್ನ ಕೈ ನೋಡಿಕೊಂಡ. ಬೆಳಗ್ಗೆ ಐದೂಕಾಲು, ರಾತ್ರಿ ಹಾಲ್ಟು ಮುಗಿದ ಮೇಲೆ ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ಸು. ತಲೆ ಕೇಳದೆಯೇ ಕೈ ಆ ಕೆಲಸ ಮಾಡಿತ್ತು. ಕಂಡ ರಸ್ತೆ, ಬೆನ್ನಿಗೆ ಬಿಸಿಲು, ಎಲ್ಲವೂ ಸರಿಯಾಗಿಯೇ ಇದೆ ಎನಿಸಿ ಅವನಿಗೆ ಮೂರು ತಾಸು ಭಾರೀ ಖುಷಿಯಾಗಿತ್ತು.

“ನಾ ಮಲಗಿದ್ದೆ. ರೈಟ್ ಯಾರು ಹೇಳಿದ್ರು ನಿಮಗೆ?”

ಅವನು ತಲೆ ತಗ್ಗಿಸಿದ. “ಬಾಂಗ್ಡೆ ಎರಡು ಸಲ ಬೊಗಳ್ತು.”

ದಮಯಂತಿ ಗಾಡಿಯಿಂದಿಳಿದಳು. ರಸ್ತೆಯ ಬದಿಯಲ್ಲಿ ನಿಂತು, ಇಪ್ಪತ್ತೆಂಟು ವರ್ಷ ಪರರ ಮಕ್ಕಳ ಮೇಲೆ ಒಮ್ಮೆಯೂ ಎತ್ತದ ದನಿಯನ್ನು ಎತ್ತಿದಳು. “ನಿಮ್ಮ ಕೈಗೆ ಮುಂದೆ ಹೋಗೂಕೆ ಬರೂದೇ ಇಲ್ಲ ಅಲ್ದಾ? ನಾ ಒಂದು ಸಲ, ಒಂದೇ ಒಂದು ಸಲ ಮುಂದೆ ಹೋಗಬೇಕು ಅಂದ್ರೆ ಗಾಡಿ ತನ್ನಷ್ಟಕ್ಕೆ ಹಿಂದೆ ತಿರುಗ್ತದೆ! ನಿಮ್ಮ ಟೈಮಿಗೆ ನಾ ಅನ್ನ ಇಟ್ಟೆ, ನಿಮ್ಮ ಟೈಮಿಗೆ ಬಾಗ್ಲು ತೆಗ್ದೆ. ನನ್ನ ಟೈಮು ಅಂತ ಒಂದಿದೆ ಹೇಳಿ ನಿಮಗೆ ಗೊತ್ತಾ? ಹತ್ತು ದಿವ್ಸ! ನಾ ಕೇಳಿದ್ದು ಇಡೀ ಜನ್ಮದಲ್ಲಿ ಹತ್ತು ದಿವ್ಸ! ಅದ್ರಲ್ಲೂ ಒಂದು ತಿಂದ್ರಿ!”

ಶಾಂತಾರಾಮ ಕೆಳಗಿಳಿದು ಎರಡೂ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ನಿಂತ. ಅಪಘಾತವಿಲ್ಲದ ಡ್ರೈವರನೆಂದು ಬೆಳ್ಳಿಯ ಪದಕ ಪಡೆದವನು ಮೊದಲ ಸಲ ರಸ್ತೆಯ ಮೇಲೆ ತಪ್ಪು ಮಾಡಿದ್ದ. ಹೆಂಡತಿಯ ಮಾತಿಗಿಂತ ಅದೇ ಅವನನ್ನು ಹೆಚ್ಚು ಹೆದರಿಸಿದಂತಿತ್ತು. ಅದನ್ನು ಕಂಡು ದಮಯಂತಿಗೆ ಇನ್ನಷ್ಟು ಸಿಟ್ಟು ಬಂತು. ಮನಸ್ಸು ಬಿಚ್ಚಿ ಬೈಯಲೂ ಬಿಡುವುದಿಲ್ಲವಲ್ಲ ಈ ಮನುಷ್ಯ! ಬೈಯುವ ಹೊತ್ತಿಗೆ ಸರಿಯಾಗಿ ಪಾಪದವನಾಗಿ ಬಿಡುತ್ತಾನೆ.

ತಾಡಿಪತ್ರಿಯ ಹತ್ತಿರ ಪೆನ್ನಾರ್ ನದಿ ಬತ್ತಿ ದಂಡೆಯೆಲ್ಲ ಮರಳೇ ಮರಳು. ಬಂದದ್ದಾಯಿತಲ್ಲ ಎಂದು ದಮಯಂತಿ ಒಂದು ಗೋಣಿಚೀಲ ತುಂಬ ಮರಳು ತುಂಬಿಕೊಂಡಳು. ಶಾಂತಾರಾಮ ಚೀಲ ಎತ್ತಿಟ್ಟ. ಆಮೇಲೆ ಎಲ್ಲಿ ನಿಂತರೂ ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡು ಬೊಗಸೆ ಹರವಿದರೆ ನಾಯಿಯ ರಗಳೆ ಮುಗಿಯುತ್ತಿತ್ತು. ಕೋಡಿಬಾಗದಲ್ಲೇ ಒಂದು ಚೀಲ ತುಂಬಿಕೊಂಡಿದ್ದರೆ ನಾಲ್ಕು ದಿನದ ಪಾಡು ತಪ್ಪುತ್ತಿತ್ತು ಎಂದು ಹೊಳೆದಾಗ ಅವಳು ತನ್ನ ಹಣೆಯನ್ನೇ ಬಡಿದುಕೊಂಡಳು.

ಮಿಗತಿಯ ದಿನ ಹೀಗೆ ಹೋಯಿತು. ಆ ರಾತ್ರಿ ಬದ್ವೇಲಿನಲ್ಲಿ ತಂಗಿ, ಹದಿನೈದರ ಸಂಜೆ ಮೈಪಾಡು ಮುಟ್ಟಿದರು. ದೋಣಿಗಳು, ಒಣಗಲು ಹಾಕಿದ ಮೀನು, ಬಲೆ ಹೊಲಿಯುವ ಗಂಡಸರು. ಮಾತೊಂದು ತಿಳಿಯದಿದ್ದರೂ ವಾಸನೆ ಊರಿನದ್ದೇ. ಬಾಂಗ್ಡೆ ಮರಳು ಕಂಡದ್ದೇ ಹುಚ್ಚು ಹಿಡಿದ ಹಾಗೆ ಓಡಿತು. ಸೂರ್ಯ ಅವರ ಹಿಂದೆ, ತಾಳೆಮರಗಳ ಆಚೆ, ನೆಲದ ಮೇಲೆ ಮುಳುಗಿದ. ಶಾಂತಾರಾಮ ಒಮ್ಮೆ ಸಮುದ್ರ, ಒಮ್ಮೆ ಮರಗಳನ್ನು ನೋಡುತ್ತ, “ಎಲ್ಲ ಉಲ್ಟಾ ಆಗಿದೆ ಇಲ್ಲಿ” ಎಂದ. ತಾಡಿಪತ್ರಿಯ ನಂತರ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಬೆಳಗ್ಗೆ ಐದಕ್ಕೇ ಅವಳು ಮುಖ ತೊಳೆದು, ಹೊಸ ಸೀರೆಯುಟ್ಟು, ನಾಯಿಯನ್ನೂ ಗಂಡನನ್ನೂ ಹೊರಡಿಸಿಕೊಂಡು ತೀರಕ್ಕೆ ಬಂದಳು. ಕತ್ತಲೆ ತೆಳುವಾಯಿತು. ನೀರು ಬೂದಿಯ ಬಣ್ಣಕ್ಕೆ ತಿರುಗಿತು. ಆಮೇಲೆ ಕಂಡದ್ದು ನೀರಿನ ಉದ್ದಕ್ಕೂ ಗೋಡೆ ಕಟ್ಟಿದ ಹಾಗೆ ಕೂತಿದ್ದ ಕರಿಮೋಡ. ಆರಾಯಿತು, ಆರೂವರೆಯಾಯಿತು. ಏಳರ ಹೊತ್ತಿಗೆ ಮೋಡದ ಮೇಲಂಚಿನಲ್ಲಿ ಸೂರ್ಯ ಕಾಣಿಸಿದ. ಬೆಳ್ಳಗೆ, ಸಮುದ್ರದಿಂದ ಎರಡು ಮಾರು ಮೇಲೆ, ಆಗಲೇ ಎದ್ದು ಸ್ನಾನ ಮಾಡಿ ಕಚೇರಿಗೆ ಹೊರಟವನ ಹಾಗೆ.

ದಮಯಂತಿ ಸೀರೆಯ ಮರಳು ಕೊಡವಿದಳು. “ನಡೀರಿ. ಇಪ್ಪತ್ತಕ್ಕೆ ಮುಟ್ಟಬೇಕು.”

“ಕಾಣ್ಲಿಲ್ಲಲ್ಲ?”

“ನನಗೆ ಬರೆದದ್ದು ಇಷ್ಟೇ. ನಡೀರಿ.”

ಅವಳಿಗೆ ಅಳು ಬರಲಿಲ್ಲ, ಬೇಸರವಾಯಿತು. ತನ್ನ ಮೇಲೆಯೇ ಬೇಸರ. ಎಷ್ಟು ಸಲೀಸಾಗಿ ಬಿಟ್ಟುಕೊಟ್ಟೆ! ಹುಟ್ಟಿದಾಗಿನಿಂದ ಬಿಟ್ಟುಕೊಟ್ಟು ಅಭ್ಯಾಸ. ಗಂಡನ ಕೈಗೆ ವಾಪಸ್ಸು ತಿರುಗುವ ಅಭ್ಯಾಸವಿದ್ದ ಹಾಗೆ ತನಗೂ ಒಂದು ಅಭ್ಯಾಸವಿದೆ ಎಂದು ಆಗ ಅವಳಿಗೆ ತಿಳಿಯಿತು. ತಿಳಿದೂ ಕಾಲು ಗಾಡಿಯ ಕಡೆಗೇ ನಡೆಯಿತು.

ಗಾಡಿ ಹತ್ತಿ ಕೂತು, “ರೈಟ್” ಅಂದಳು. ಗಾಡಿ ಅಲುಗಲಿಲ್ಲ. “ರೈಟ್ ಅಂದೆ.” ಶಾಂತಾರಾಮ ಇಂಜಿನ್ ಬಂದ್ ಮಾಡಿದ. ಕೀಲಿ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಆಮೇಲೆ ಕನ್ನಡಕ ಏರಿಸಿ, ಫೋನನ್ನು ಕಣ್ಣಿನ ಹತ್ತಿರ ಹಿಡಿದು ಹುಡುಕಿ, ಮಗಳಿಗೆ ಫೋನು ಹಚ್ಚಿದ. ಫೋನು ಹಚ್ಚುವುದು ಯಾವತ್ತೂ ಹೆಂಡತಿಯ ಕೆಲಸವಾಗಿತ್ತು.

“ದೀಪಾಲಿ, ನಾನು ಬಾಬಾ. ನಾವು ಇಪ್ಪತ್ತಕ್ಕೆ ಬರೂದಿಲ್ಲ. ಇಪ್ಪತ್ತೊಂದ್ರ ಸಂಜೆ.”

“ಎಂತಕ್ಕೆ ಬಾಬಾ? ಗಾಡಿ ಹಾಳಾಯ್ತಾ? ಇಪ್ಪತ್ತೊಂದಕ್ಕೆ ಅತ್ತೆ ಆಪರೇಶನ್ ಅದೆಯಲ್ಲ!”

“ಗಾಡಿ ಸರಿ ಅದೆ. ಗುರುಪ್ರಸಾದಂಗೆ ಒಂದು ದಿವ್ಸ ರಜೆ ಹಾಕೂಕೆ ಹೇಳು. ನಿನ್ನ ಆಯಿಗೆ ಇಲ್ಲಿ ಕೆಲ್ಸ ಅದೆ.”

“ಅಲ್ಲಿ ಆಯಿಗೆ ಎಂಥಾ ಕೆಲ್ಸ?”

“ಅವ್ಳದು. ನಿನಗೂ ನನಗೂ ಸಂಬಂಧ ಇಲ್ದಿದ್ದು” ಎಂದು ಹೇಳಿ, ಎಲ್ಲಿ ಒತ್ತಿದರೆ ಫೋನು ನಿಲ್ಲುತ್ತದೆಂದು ತಿಳಿಯದೆ ಹಾಗೆಯೇ ಹೆಂಡತಿಯ ಕೈಗೆ ಕೊಟ್ಟ.

ದಮಯಂತಿಗೆ ಸಂತೋಷವಾಯಿತು, ಸುಳ್ಳೇಕೆ? ಆದರೆ ಸಂತೋಷಕ್ಕಿಂತ ಒಂದು ಹಿಡಿ ಹೆಚ್ಚೇ ಸಿಟ್ಟು ಬಂತು. ಈ ಒಂದು ಮಾತು ಆಡಲು ಇವನಿಗೆ ಬರುತ್ತಿತ್ತು ಹಾಗಾದರೆ! ಇಷ್ಟು ವರ್ಷವೂ ಬರುತ್ತಿತ್ತು! ಬಾಯಿ ಎಲ್ಲಿ ಅಡವಿಟ್ಟಿದ್ದ? ಅವಳು ಫೋನು ಬಂದ್ ಮಾಡಿ, “ಚಹಾ ಕುಡಿಯುವಾ” ಎಂದಳು. ಅಷ್ಟರಲ್ಲಿ ಬಾಂಗ್ಡೆ ಯಾರದ್ದೋ ಒಣಮೀನು ಕಚ್ಚಿಕೊಂಡು ಓಡಿ ಬರುತ್ತಿತ್ತು. ಅದರ ಹಿಂದೆ ಒಬ್ಬ ಹೆಂಗಸು ಕಿರುಚುತ್ತ ಬರುತ್ತಿದ್ದಳು. ಆ ದಿನವೆಲ್ಲ ಆ ಹೆಂಗಸನ್ನು ಸಮಾಧಾನ ಮಾಡುವುದರಲ್ಲೇ ಕಳೆಯಿತು. ಮಧ್ಯಾಹ್ನದ ಹೊತ್ತಿಗೆ ದಮಯಂತಿ ಅವಳ ಪಕ್ಕ ಕೂತು ಮೀನು ಹರವುತ್ತಿದ್ದಳು.

ಮರುದಿನ ಶಾಂತಾರಾಮನೇ ಮೊದಲು ಎದ್ದ. ಮೋಡ ಇದೆಯೋ ಎಂದು ನೋಡಲು ರಾತ್ರಿ ನಾಲ್ಕು ಸಲ ಹೊರಗೆ ಹೋಗಿಬಂದಿದ್ದ. ಅವಳು ನಿದ್ದೆಗಣ್ಣಿನಲ್ಲೇ ಬಾಗಿಲ ಸದ್ದು ಎಣಿಸಿದ್ದಳು. ತೀರದಲ್ಲಿ ಪಕ್ಕಪಕ್ಕ ಕೂತರು. ನಾಯಿ ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಆಕಾಶ ಸ್ವಚ್ಛವಿತ್ತು.

ಐದೂ ಮುಕ್ಕಾಲಿಗೆ ಪಕ್ಕದಿಂದ ಗೊರಕೆ ಕೇಳಿಸಿತು. ಶಾಂತಾರಾಮ ಕೂತಲ್ಲೇ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಅವಳು ತಲೆ ಚಚ್ಚಿಕೊಳ್ಳಬೇಕೆಂದು ಕೈ ಎತ್ತಿದ್ದಳಷ್ಟೆ, ನೀರಿನ ಕೊನೆಯಲ್ಲಿ ಒಂದು ಕೆಂಪು ಚೂರು ಕಾಣಿಸಿತು. ಹೆಂಚಿನ ತುಂಡಿನಷ್ಟು. ಕಿರಣವಿಲ್ಲ, ಹಳದಿಯಿಲ್ಲ, ಕಣ್ಣಿಗೆ ಹೊಡೆಯುವುದೂ ಇಲ್ಲ. ಅದು ದೊಡ್ಡದಾಯಿತು. ಬುಡ ನೀರಿಗೆ ಅಂಟಿಕೊಂಡು, ಬಿಡಲು ಮನಸ್ಸಿಲ್ಲದಂತೆ ಒಂದಿಷ್ಟು ಜಗ್ಗಿ, ಆಮೇಲೆ ಬಿಟ್ಟುಕೊಂಡಿತು.

ಗಂಡನನ್ನು ಎಬ್ಬಿಸಲು ಅವಳ ಕೈ ಅವನ ಭುಜದವರೆಗೆ ಹೋಯಿತು. ಯಾವತ್ತೂ ಹಾಗೆಯೇ. ಒಳ್ಳೆಯ ತುಂಡು ಮೊದಲು ಅವನ ತಾಟಿಗೆ, ಆಮೇಲೆ ಮಗಳಿಗೆ, ಉಳಿದರೆ ತನಗೆ. ಕೈ ಅಲ್ಲೇ ನಿಂತಿತು. ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಇದನ್ನು ಯಾರಿಗೂ ಬಡಿಸಬೇಕಾಗಿರಲಿಲ್ಲ. ಅವಳು ಒಬ್ಬಳೇ, ಪೂರ್ತಿ, ಕಣ್ಣು ತುಂಬಿ ಸೀರೆಯ ಸೆರಗು ಒದ್ದೆಯಾಗುವವರೆಗೆ ನೋಡಿದಳು.

ಬಿಸಿಲು ಮುಖಕ್ಕೆ ಬಡಿದು ಶಾಂತಾರಾಮ ಗಡಬಡಿಸಿ ಎದ್ದಾಗ ಸೂರ್ಯ ಮೇಲೇರಿ ಹೋಗಿದ್ದ.

“ಬಂತಾ?”

“ಬಂತು.”

“ಅಗೋ, ನನ್ನ ಎಬ್ಬಿಸ್ಬಾರ್ದಾ! ಹೆಂಗಿತ್ತು?”

ದಮಯಂತಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

“ನಾ ಹೇಳೂದಿಲ್ಲ” ಎಂದಳು.